ಎರಡು ಪಾಳಿಯ ಹಾಸಿಗೆ

ವೆರೋನಕ್ಕನ ಮನೆಯ ಮಹಡಿಯಲ್ಲಿ, ಕಿಟಕಿ ಪಕ್ಕದ ಹಾಸಿಗೆ ಎರಡು ವರ್ಷದಿಂದ ಆರಿದ್ದೇ ಇಲ್ಲವೆನ್ನಬೇಕು. ಹಗಲು ಪಾಳಿಯವನು ಎದ್ದು ಹೋದನೆಂದರೆ ರಾತ್ರಿ ಪಾಳಿಯವನು ಬಂದು ಅದೇ ಗುಳಿಯಲ್ಲಿ ಬೀಳುತ್ತಿದ್ದ. ಸಂಜೆ ಅವನು ಎದ್ದರೆ ಮತ್ತೆ ಇವನು. ಉಕ್ಕಿನ ಕಾರ್ಖಾನೆಯ ಕೆಳಗಿನ ಆ ಬೀದಿಯಲ್ಲಿ ಎಲ್ಲ ಮನೆಗಳಲ್ಲೂ ಹಾಸಿಗೆಗಿಂತ ಮೈಗಳೇ ಹೆಚ್ಚು. ಹಾಗಾಗಿ ಪೆನ್ಸಿಲ್ವೇನಿಯಾದ ಕೊರೆಯುವ ಚಳಿಯಲ್ಲೂ ಗಾಶ್ಪರ್ ಹುಡಾಕ್ ಕಂಬಳಿಯೊಳಗೆ ಕಾಲು ಚಾಚಿದಾಗ ಇನ್ನೊಬ್ಬ ಮನುಷ್ಯನ ಬಿಸಿ ಅಲ್ಲಿ ಕಾದಿರುತ್ತಿತ್ತು.

ಆ ಇನ್ನೊಬ್ಬನ ಹೆಸರು ವೆಂಡೆಲ್ ಚೊರ್ಬಾ. ಇಬ್ಬರೂ ಸಮುದ್ರದಾಚೆಯ ಶಾರಿಶ್ ಬೆಟ್ಟಗಳ ಕಡೆಯ ಸ್ಲೋವಾಕರು. ಊರು ಬೇರೆ ಬೇರೆ, ನಡುವೆ ಒಂದು ದಿನದ ನಡಿಗೆ. ಆದರೆ ಒಂದು ಹೊತ್ತಾದರೂ ಇಬ್ಬರೂ ಎದುರುಬದುರು ಕೂತು ಉಂಡದ್ದಿಲ್ಲ. ದೊಡ್ಡ ಕುಲುಮೆ ಆರುವಂತಿಲ್ಲವಾದ್ದರಿಂದ ಇಬ್ಬರಿಗೂ ಒಟ್ಟಿಗೆ ಬಿಡುವು ಎನ್ನುವ ದಿನ ವರ್ಷಕ್ಕೊಂದೂ ಇರಲಿಲ್ಲ. ಎರಡು ವಾರಕ್ಕೊಮ್ಮೆ ಪಾಳಿ ಬದಲಾಗುವ ಭಾನುವಾರ ಒಬ್ಬನಿಗೆ ಇಪ್ಪತ್ತನಾಲ್ಕು ಗಂಟೆ ದುಡಿತ, ಇನ್ನೊಬ್ಬನಿಗೆ ಇಪ್ಪತ್ತನಾಲ್ಕು ಗಂಟೆ ಬಿಡುವು. ಮುಂದಿನ ಸಲ ಅದೇ ತಿರುವುಮುರುವು. ಬಿಡುವಿದ್ದವನು ಇವತ್ತು ಹಾಸಿಗೆ ಪೂರ್ತಿ ನನ್ನದು ಎಂದು ಹಿಗ್ಗಿ ಮಲಗುತ್ತಿದ್ದ. ಗಾಶ್ಪರ್ ಅಂತೂ ಮಧ್ಯಾಹ್ನಕ್ಕೆ ಎದ್ದು ಕೂತು, ಮುಂದೇನು ಮಾಡಬೇಕೆಂದು ತೋಚದೆ ಬೂಟಿಗೆ ಎಣ್ಣೆ ತಿಕ್ಕುತ್ತಿದ್ದ.

ಅವರು ಎದುರಾಗುತ್ತಿದ್ದದ್ದು ಕಾರ್ಖಾನೆಯ ಗೇಟಿನಲ್ಲಿ, ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ. ದೂಳಿಗೆಂದು ಕಣ್ಣಿನ ಕೆಳಗಿನವರೆಗೂ ಬಟ್ಟೆ ಸುತ್ತಿಕೊಂಡು ಒಳಗೆ ಹೋಗುವವರದೊಂದು ಸಾಲು, ಹೊರಗೆ ಬರುವವರದೊಂದು. ಹೊರಗೆ ಬರುವವರ ಮುಖವೆಲ್ಲ ಮಸಿ. ಕಣ್ಣು ಹಲ್ಲು ಬಿಟ್ಟರೆ ಯಾರು ಯಾರೋ. ಆ ಸಾಲಿನಿಂದ ಒಂದು ಕೈ ಮೇಲೇಳುತ್ತಿತ್ತು.

"ಹಾಸಿಗೆ ಬಿಸಿ ಇದೆ," ಎನ್ನುತ್ತಿದ್ದ ಒಳಗೆ ಹೋಗುವವನು.

"ದೇವರು ಒಳ್ಳೇದು ಮಾಡ್ಲಿ," ಎನ್ನುತ್ತಿದ್ದ ಹೊರಗೆ ಬರುವವನು.

ಅದಕ್ಕಿಂತ ಹೆಚ್ಚು ಮಾತಿಗೆ ಹಿಂದಿನವರು ನಿಲ್ಲಗೊಡುತ್ತಿರಲಿಲ್ಲ. ಮಿಕ್ಕದ್ದನ್ನು ಹಾಸಿಗೆಯೇ ಹೇಳುತ್ತಿತ್ತು. ವೆಂಡೆಲ್ ಎಡಮಗ್ಗುಲಿಗೆ ಮಲಗುವವನು. ದಿಂಬಿನ ಕೆಳಗೆ ಜಪಮಾಲೆ ಮರೆತು ಹೋಗುವವನು. ಅವನ ತಂಬಾಕಿಗೆ ಒಣಗಿದ ಚೆರ್ರಿ ಎಲೆಯ ವಾಸನೆ. ಏಳುವಾಗ ದಿಂಬನ್ನು ಮಗುಚಿ, ಬೆವರಿಲ್ಲದ ಮಗ್ಗುಲನ್ನು ಮೇಲೆ ಮಾಡಿಟ್ಟು ಹೋಗುವವನು. ಒಂದು ಸಲ ಗಾಶ್ಪರ್‌ನ ಇನ್ನೊಂದು ಅಂಗಿಯ ತೋಳು ಹರಿದು ಮೊಳೆಗೆ ನೇತಾಡುತ್ತಿತ್ತು. ಸಂಜೆ ಬಂದು ನೋಡಿದರೆ ಯಾರೋ ಅದನ್ನು ನೀಲಿ ದಾರದಲ್ಲಿ ಒತ್ತೊತ್ತಾಗಿ ಹೊಲಿದಿಟ್ಟಿದ್ದರು. ಮಾರನೆಯ ದಿನದಿಂದ ಗಾಶ್ಪರ್ ಒಲೆಯ ಬಾಯಿಯಲ್ಲಿ ಒಂದು ಇಟ್ಟಿಗೆ ಕಾಯಿಸಿ, ಚಿಂದಿಯಲ್ಲಿ ಸುತ್ತಿ, ಹಾಸಿಗೆಯ ಕಾಲ ಕಡೆ ಇಟ್ಟು ಕೆಲಸಕ್ಕೆ ಹೋಗತೊಡಗಿದ.

ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದ ಶಿಮ್ಕೊ, ಮಾತಿನಲ್ಲಿ ಚುಚ್ಚದೆ ಊಟ ಸೇರದ ಮನುಷ್ಯ, ಇಟ್ಟಿಗೆ ನೋಡಿದಾಗಲೆಲ್ಲ ಕೆಣಕುತ್ತಿದ್ದ.

"ನಿಮ್ಮ ಸಂಸಾರ ಕಂಡ್ರೆ ನಂಗೆ ಹೊಟ್ಟೆಕಿಚ್ಚಪ್ಪಾ ಗಾಶ್ಪರ್. ಎರಡು ವರ್ಷ ಆಯ್ತು, ಒಂದು ಜಗಳ ಇಲ್ಲ."

"ಜಗಳ ಆಡೋಕೆ ಎದುರಿಗೆ ಸಿಗಬೇಕಲ್ಲ ಶಿಮ್ಕಣ್ಣ."

"ಅದೇ ಗುಟ್ಟು ಕಣೋ. ನಾನೂ ನನ್ನ ಹೆಂಡ್ತಿನ ಸಮುದ್ರದ ಆಚೆ ಬಿಟ್ಟು ಬಂದಿರೋದು ಅದಕ್ಕೇ."

ನೀಲಿ ದಾರ ವೆಂಡೆಲ್‌ನ ಗುರುತು ಎಂದು ಮನೆಗೆಲ್ಲ ಗೊತ್ತಿತ್ತು. ಬಾಡಿಗೆಯವರು ತಂತಮ್ಮ ಮಾಂಸ ತಾವೇ ಕೊಂಡು ತರುವುದು ಪದ್ಧತಿ. ವೆರೋನಕ್ಕ ಎಲ್ಲವನ್ನೂ ಒಂದೇ ಹಂಡೆಯಲ್ಲಿ, ಎಲೆಕೋಸಿನ ಸಾರಿನಲ್ಲಿ ಬೇಯಿಸುತ್ತಿದ್ದಳು. ನಿನ್ನ ತುಂಡು ನನ್ನ ತುಂಡು ಎಂದು ಜಟಾಪಟಿಯಾಗದಿರಲೆಂದು ಪ್ರತಿ ತುಂಡಿಗೂ ಒಂದೊಂದು ಬಣ್ಣದ ದಾರ. ಗಾಶ್ಪರ್‌ನದು ಕೆಂಪು, ಶಿಮ್ಕೊನದು ಬಿಳಿ, ವೆಂಡೆಲ್‌ನದು ನೀಲಿ.

ನವೆಂಬರಿನ ಒಂದು ಗುರುವಾರ ಬೆಳಿಗ್ಗೆ ಗೇಟಿನಲ್ಲಿ ಕೈ ಮೇಲೇಳಲಿಲ್ಲ. ದೂಳು ಮಂಜಿನಲ್ಲಿ ವೆಂಡೆಲ್‌ನಷ್ಟೇ ಎತ್ತರದ ಒಬ್ಬ ತಲೆ ತಗ್ಗಿಸಿಕೊಂಡು ಬರುತ್ತಿದ್ದ. ಅವನೇ ಇರಬೇಕೆಂದು ಗಾಶ್ಪರ್ "ಹಾಸಿಗೆ ಬಿಸಿ ಇದೆ" ಎಂದ. ಆ ಮನುಷ್ಯ ಮಾತಾಡದೆ ದಾಟಿಹೋದ. ಸುಸ್ತಾಗಿರಬೇಕು ಎಂದುಕೊಂಡು ಗಾಶ್ಪರ್ ಒಳಗೆ ಹೋಗಿ ಹನ್ನೆರಡು ಗಂಟೆ ಅದಿರು ತುಂಬಿದ. ಒಂದು ತುದಿಯಲ್ಲಿ ಆದದ್ದು ಇನ್ನೊಂದು ತುದಿಗೆ ಗೊತ್ತಾಗದಷ್ಟು ಉದ್ದದ ಕಾರ್ಖಾನೆ ಅದು.

ಸಂಜೆ ಮನೆಗೆ ಬಂದಾಗ ವೆರೋನಕ್ಕ ಒಲೆಗೆ ಮುಖ ಮಾಡಿ ನಿಂತಿದ್ದಳು. ಹಂಡೆಯಲ್ಲಿ ಕೆಂಪು ದಾರದ ತುಂಡಿನ ಪಕ್ಕ ನೀಲಿ ದಾರದ ತುಂಡು ತೇಲುತ್ತಿತ್ತು. ಬೆಳಿಗ್ಗೆ ಆರೂವರೆಗೆ ಖಾಲಿಯಾಗಬೇಕಿದ್ದದ್ದು.

"ವೆಂಡೆಲ್ ಉಣ್ಲಿಲ್ವೇನಕ್ಕ?"

ಅವಳು ತಿರುಗಲಿಲ್ಲ. "ಬೆಳಗಿನ ಜಾವ ನಾಲ್ಕಕ್ಕಂತೆ. ಕ್ರೇನಿನ ಸರಪಳಿ ತುಂಡಾಗಿ. ಶಿಮ್ಕೊ ಬಂದು ಹೇಳ್ದ." ಸೌಟನ್ನು ಹಂಡೆಯ ಅಂಚಿಗೆ ಎರಡು ಸಲ ಬಡಿದಳು. "ಇದನ್ನೇನು ಮಾಡ್ಲಿ ನಾನು? ಎಸೆಯೋಕೆ ಕೈ ಬರಲ್ಲ, ಇನ್ನೊಬ್ರಿಗೆ ಬಡಿಸೋಕೂ ಮನಸ್ಸು ಬರಲ್ಲ."

ಗಾಶ್ಪರ್ ಉಣ್ಣದೆ ಮೇಲೆ ಹೋದ. ಬಟ್ಟೆ ಕಳಚಿ ಕಂಬಳಿಯೊಳಗೆ ಕಾಲು ಚಾಚಿದ. ಹಾಸಿಗೆ ನದಿಯ ನೀರಿನಂತೆ ತಣ್ಣಗಿತ್ತು. ಬೆಳಿಗ್ಗೆ ತಾನಿಟ್ಟ ಇಟ್ಟಿಗೆ ಚಿಂದಿ ಬಿಚ್ಚದೆ ಹಾಗೇ ಕಾಲಿಗೆ ತಗುಲಿತು.

ಮಣ್ಣು ಮಾಡಿದ್ದು ಶನಿವಾರ ಹತ್ತು ಗಂಟೆಗೆ. ಊರ ಸಂಘದವರು ಬಾಜಾ ತರಿಸಿದ್ದರಂತೆ, ಪಾದ್ರಿ ಚೆನ್ನಾಗಿ ಮಾತಾಡಿದರಂತೆ. ಹತ್ತು ಗಂಟೆ ಎಂದರೆ ಹಗಲು ಪಾಳಿ. ಮೇಸ್ತ್ರಿಯ ಹತ್ತಿರ ಗಾಶ್ಪರ್ ರಜೆ ಕೇಳಿದ. "ನಿನಗೆ ಏನಾಗಬೇಕು ಅವನು?" ಎಂದು ಮೇಸ್ತ್ರಿ ಕೈಸನ್ನೆಯಲ್ಲಿ ಕೇಳಿದ. ಗಾಶ್ಪರ್‌ಗೆ ಬರುತ್ತಿದ್ದ ನಾಲ್ಕಾರು ಇಂಗ್ಲಿಷ್ ಪದಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಸ್ಲೋವಾಕ್ ಭಾಷೆಯಲ್ಲಾದರೂ ಇತ್ತೋ ಇಲ್ಲವೋ. ಸಲಿಕೆ ಎತ್ತಿಕೊಂಡು ವಾಪಸು ಹೋದ. ಹೀಗಾಗಿ ಮಸಿ ತೊಳೆದ ವೆಂಡೆಲ್‌ನ ಮುಖ ಹೇಗಿತ್ತೆಂದು ಅವನು ಕೊನೆಗೂ ನೋಡಲಿಲ್ಲ.

ಕ್ರಿಸ್ಮಸ್ ಕಳೆದು ಮೂರನೆಯ ವಾರ ಒಂದು ಕಾಗದ ಬಂತು. ಮೇಲೆ ದುಂಡಗಿನ ಅಕ್ಷರದಲ್ಲಿ ಅವನದೇ ಹೆಸರು. ಗಾಶ್ಪರ್‌ಗೆ ಊರಿನಿಂದ ಕಾಗದ ಬರದೆ ಇರುತ್ತಿರಲಿಲ್ಲ, ಆದರೆ ಅವೆಲ್ಲ ಮೂವರು ಅಣ್ಣಂದಿರು ಸೇರಿ ಬರೆಸಿದ ಪಟ್ಟಿಗಳು. ಹೊಳೆಯಂಚಿನ ಹುಲ್ಲುಗಾವಲು ಮಾರಾಟಕ್ಕಿದೆ, ಛಾವಣಿಗೆ ತಗಡು ಬೇಕು. ನೀನು ಹೇಗಿದ್ದೀಯ ಎನ್ನುವ ಸಾಲು ಅವುಗಳಲ್ಲಿ ಇರುತ್ತಿರಲಿಲ್ಲ. ಈ ಕಾಗದವನ್ನು ಅವನು ಮೆಟ್ಟಿಲ ಮೇಲೆ ಕೂತು ಎರಡು ಸಲ ಓದಿದ.

"ಯೇಸುಕ್ರಿಸ್ತನಿಗೆ ಸ್ತೋತ್ರ. ಪ್ರೀತಿಯ ಗಾಶ್ಪರಣ್ಣನಿಗೆ ವೆಂಡೆಲ್ ಚೊರ್ಬಾನ ವಿಧವೆ ಜೋಫಿಯಾ ಬರೆಯುವುದು. ನಿಮ್ಮನ್ನು ನೋಡದಿದ್ದರೂ ನೋಡಿದಂತಿದೆ, ಅವರ ಎಲ್ಲ ಕಾಗದದಲ್ಲೂ ನೀವಿದ್ದಿರಿ. ಭಾನುವಾರ ಇಬ್ಬರೂ ಪೂಜೆಗೆ ಹೋಗುವುದು, ಆಮೇಲೆ ಇಸ್ಪೀಟು ಆಡುವುದು, ನೀವು ನದಿಯ ದಂಡೆಯಲ್ಲಿ ಕೂತು ಹಾಡುವುದು, ಅವರ ಕುದುರೆಯ ಮಾತು ತೆಗೆದು ನೀವು ನಗುವುದು. ನನ್ನ ಕಾಲಿಗೆ ಬಿಸಿ ಇಟ್ಟಿಗೆ ಇಡುವ ಗೆಳೆಯ ಇರುವಾಗ ನೀನೇಕೆ ಚಿಂತೆ ಮಾಡುತ್ತೀ ಎಂದು ಬರೆದಿದ್ದರು. ಅದನ್ನೋದಿ ನಾನು ನಿದ್ದೆ ಮಾಡುತ್ತಿದ್ದೆ. ಕೊನೆಯ ದಿನ ಅವರು ನಿಮ್ಮ ಹತ್ತಿರ ಏನು ಮಾತಾಡಿದರು? ಊರು ಬಿಟ್ಟು ಅಲ್ಲಿಗೆ ಯಾಕೆ ಹೋದರೆಂದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಹಸುವಿನಲ್ಲಿ ಉಳುವುದು ಅವಮಾನ, ಕುದುರೆ ಕೊಳ್ಳುತ್ತೇನೆ ಎನ್ನುತ್ತಿದ್ದರು. ಕುದುರೆ ಇಲ್ಲದೆ ನಾವು ಬದುಕುತ್ತಿದ್ದೆವು.

"ಇನ್ನೊಂದು ಮಾತು. ಮೈದುನ ಇಮ್ರಿಖ್‌ಗೆ ಹತ್ತೊಂಬತ್ತು. ಮುಂದಿನ ವರ್ಷ ಚಕ್ರವರ್ತಿಯ ದಂಡಿಗೆ ಕರೆಯುತ್ತಾರೆ. ಅಣ್ಣನ ಜಾಗಕ್ಕೆ ತಾನು ಹೋಗುತ್ತೇನೆ ಎನ್ನುತ್ತಾನೆ. ಇಬ್ಬರು ಹೆಣ್ಣುಮಕ್ಕಳ ಜೊತೆ ನನಗೆ ಈ ಮನೆಯಲ್ಲಿ ಉಳಿದಿರುವ ಗಂಡುದಿಕ್ಕು ಅವನೊಬ್ಬನೇ. ನೀವು ಹೇಗೆ ಹೇಳುತ್ತೀರೋ ಹಾಗೆ. ಕಳಿಸು ಎಂದರೆ ಕಳಿಸುತ್ತೇನೆ, ಬೇಡವೆಂದರೆ ಬಾಗಿಲಿಗೆ ಅಡ್ಡ ಮಲಗುತ್ತೇನೆ."

ಗಾಶ್ಪರ್ ಕಾಗದವನ್ನು ಮಡಿಸಿ ಅಂಗಿಯೊಳಗೆ ಇಟ್ಟುಕೊಂಡ. ಅವನು ಹುಟ್ಟಿದಾಗಿನಿಂದ ಹಾಡಿದವನಲ್ಲ. ಇಗರ್ಜಿಯಲ್ಲೂ ತುಟಿ ಮಾತ್ರ ಆಡಿಸುತ್ತಿದ್ದ. ಆ ಕುದುರೆಯ ಸುದ್ದಿ ಇವತ್ತೇ ಮೊದಲು ಕೇಳಿದ್ದು.

ಆ ವಾರವೆಲ್ಲ ಸಿಕ್ಕವರನ್ನು ಕೇಳಿದ. ವೆಂಡೆಲ್ ಹೇಗಿದ್ದ? ಏನು ಮಾತಾಡುತ್ತಿದ್ದ? ಅವನ ಜೊತೆ ಸಲಿಕೆ ಹಿಡಿದವರು "ಒಳ್ಳೆಯವನಪ್ಪ, ತಂಟೆಗಿಲ್ಲದವನು" ಎಂದರು. ಶಿಮ್ಕೊ ತಲೆ ಕೆರೆದುಕೊಂಡ.

"ಅವನು ಭಾನುವಾರ ಏನ್ಮಾಡ್ತಿದ್ದ ಗೊತ್ತಾ? ಅಡಿಗೆಮನೆ ಮೇಜಿನ ಮುಂದೆ ಕೂತು ಕಾಗದ ಬರೀತಿದ್ದ. ದಿನವಿಡೀ. ಅಷ್ಟೊಂದು ಏನಯ್ಯಾ ಬರೀತೀಯ, ಇಲ್ಲಿ ಏನು ನಡೆಯುತ್ತೆ ಅಂತ ಕೇಳ್ದೆ. ನಡೆಯದೇ ಇರೋದನ್ನ ಬರೆಯೋಕೇ ಹೊತ್ತು ಹಿಡಿಯೋದು ಅಂದ. ತಮಾಷೆ ಮಾಡ್ತಾನೆ ಅನ್ಕೊಂಡೆ."

ಶನಿವಾರ ವೆರೋನಕ್ಕ ಮಹಡಿ ಮೆಟ್ಟಿಲಲ್ಲಿ ಅವನನ್ನು ತಡೆದಳು. "ನಿನ್ನ ಹಾಸಿಗೆಯ ಇನ್ನರ್ಧಕ್ಕೆ ಒಬ್ಬ ಪೋಲಿಷಿನವನು ಕೇಳ್ತಿದಾನೆ. ಎರಡು ತಿಂಗಳು ಬಿಟ್ಟಿದ್ದೇ ಹೆಚ್ಚು ಕಣೋ, ನನ್ನ ಗಂಡ ಗೊಣಗ್ತಾನೆ. ವೆಂಡೆಲ್ ಕಡೆಯವರು ಯಾರಾದ್ರೂ ಬರೋ ಹಾಗಿದ್ರೆ ಹೇಳು, ಅವನನ್ನ ಬೇರೆ ಕಡೆ ಕಳಿಸ್ತೀನಿ. ಸೋಮವಾರದೊಳಗೆ ಹೇಳು."

ಮಾರನೆಯ ದಿನ ಗಾಶ್ಪರ್‌ನ ಬಿಡುವಿನ ಭಾನುವಾರ. ಊಟದ ನಂತರ ಅಡಿಗೆಮನೆ ಖಾಲಿಯಾಯಿತು. ವೆಂಡೆಲ್ ಕೂತು ಬರೆಯುತ್ತಿದ್ದ ಮೇಜಿಗೇ ಅವನು ಕಾಗದ ಹಿಡಿದು ಕೂತ. ಹೊರಗೆ ಕರಿ ಹಿಮ ಬಿದ್ದಿತ್ತು. ಆ ಊರಿನಲ್ಲಿ ಹಿಮ ನೆಲ ಮುಟ್ಟುವ ಮೊದಲೇ ಮಸಿ ಮೆತ್ತಿಕೊಳ್ಳುತ್ತಿತ್ತು.

ಮೊದಲು ಬರೆದದ್ದು, "ಇಮ್ರಿಖ್‌ನನ್ನು ಕಳಿಸಿ. ನಾನು ನೋಡಿಕೊಳ್ಳುತ್ತೇನೆ."

ಬರೆದು ಸುಮ್ಮನೆ ಅದನ್ನೇ ನೋಡುತ್ತ ಕೂತ. ಬಂದರೆ ಈ ಹಾಸಿಗೆಗೇ ಬರುತ್ತಾನೆ. ಚೊರ್ಬಾ ಮನೆಯ ಹುಡುಗ, ಗಾಶ್ಪರಣ್ಣ ಎನ್ನುತ್ತಾನೆ. ಅಣ್ಣನ ಸುದ್ದಿ ಅವನ ಹತ್ತಿರ ಕೇಳಬಹುದು: ಮುಖ ಹೇಗಿತ್ತು, ದನಿ ಹೇಗಿತ್ತು, ಯಾವ ಬಣ್ಣದ ಕುದುರೆ ಬೇಕೆಂದಿದ್ದ. ಮತ್ತೆ ಹಾಸಿಗೆ ಬಿಸಿಯಾಗುತ್ತದೆ. ಪೋಲಿಷಿನವನು ಬಂದರೂ ಬಿಸಿಯಾಗುತ್ತದೆ, ಆದರೆ ಅದು ಬೇರೆ. ಎರಡು ತಿಂಗಳಿಂದ ಗಾಶ್ಪರ್ ಕೋಟು ಹೊದ್ದು, ಮೊಣಕಾಲು ಎದೆಗೆ ಎಳೆದುಕೊಂಡು ಮಲಗುತ್ತಿದ್ದ. ಅದಕ್ಕೂ ಚಳಿಗೂ ಸಂಬಂಧವಿಲ್ಲ ಎಂದು ಅವನಿಗೆ ಗೊತ್ತಿತ್ತು.

ಬಾಗಿಲಿಗೆ ಅಡ್ಡ ಮಲಗುತ್ತೇನೆ ಎಂದಿದ್ದಳು ಅವಳು.

ತಾನು ಯಾಕೆ ಬಂದೆ ಎಂದೂ ಯೋಚಿಸಿದ. ಅಪ್ಪನ ಹೊಲ ನಾಲ್ಕು ಪಾಲಾಗಿ, ನೇಗಿಲು ತಿರುಗಿಸಬೇಕಾದರೆ ಅಣ್ಣನ ಪಾಲಿನೊಳಗೆ ಕಾಲಿಡಬೇಕಾದಷ್ಟು ಸಣ್ಣ ಪಟ್ಟಿಯಾಗಿತ್ತು. ನಿಜ. ಆದರೆ ಆ ಪಟ್ಟಿಯಲ್ಲೇ ಆರು ವರ್ಷ ಉತ್ತಿದ್ದ. ಹೊರಡಿಸಿದ್ದು ಅದಲ್ಲ. ಸೋದರಮಾವನೊಬ್ಬ ಇಲ್ಲಿಂದ ಬರೆದ ಕಾಗದ. ಕುಲುಮೆಯ ಬೆಳಕಿಗೆ ನನ್ನ ಬಲಗಣ್ಣು ಹೋಯಿತು, ದುಡಿಯುವ ದಿನ ಹಾಕುವ ಬೂಟಿನ ಹಿಮ್ಮಡಿಯೂ ಸವೆದಿದೆ ಎಂದು ಮಾವ ಗೋಳು ತೋಡಿಕೊಂಡಿದ್ದ. ಬರಿಗಾಲಲ್ಲಿ ನಿಂತು ಕೇಳುತ್ತಿದ್ದ ಗಾಶ್ಪರ್‌ಗೆ ಕಣ್ಣಿನ ಮಾತು ಕಿವಿಗೆ ಬೀಳಲಿಲ್ಲ. ದುಡಿಯುವ ದಿನಕ್ಕೂ ಬೂಟು ಎಂದಷ್ಟೇ ಕೇಳಿಸಿತು.

ಆ ಹಾಳೆಯನ್ನು ಒಲೆಗೆ ಹಾಕಿ ಇನ್ನೊಂದು ತೆಗೆದುಕೊಂಡ. ಈ ಸಲ ನಿಜವನ್ನೇ ಬರೆದ. ಅಕ್ಷರ ಕೂಡಿಸಲು ಸಂಜೆಯವರೆಗೆ ಹಿಡಿಯಿತು.

"ಜೋಫಿಯಾ, ನಾನು ಹಾಡುವವನಲ್ಲ. ನಿಮ್ಮ ಗಂಡನ ಜೊತೆ ಒಂದು ದಿನವೂ ಇಸ್ಪೀಟು ಆಡಿದವನಲ್ಲ. ನಮ್ಮಿಬ್ಬರದು ಒಂದೇ ಹಾಸಿಗೆ, ಬೇರೆ ಬೇರೆ ಪಾಳಿ. ಎರಡು ವರ್ಷದಲ್ಲಿ ನಾನು ಅವರ ತೊಳೆದ ಮುಖ ನೋಡಿಲ್ಲ. ಕೊನೆಯ ಬೆಳಿಗ್ಗೆ ಹಾಸಿಗೆ ಬಿಸಿ ಇದೆ ಎಂದು ಬೇರೆ ಯಾರಿಗೋ ಹೇಳಿದೆ. ಇಟ್ಟಿಗೆ ಇಡುತ್ತಿದ್ದದ್ದು ನಿಜ. ಅವರು ನನ್ನ ಅಂಗಿ ಹೊಲಿದದ್ದೂ ನಿಜ. ಇಲ್ಲಿ ಎಲ್ಲರೂ ಒಬ್ಬೊಬ್ಬರೇ ಇದ್ದೇವೆ. ಅವರು ಹೋದ ಗುರುವಾರ ಸಂಜೆ ಹಂಡೆಯಲ್ಲಿ ಅವರ ಮಾಂಸದ ತುಂಡು ನೀಲಿ ದಾರ ಕಟ್ಟಿಕೊಂಡು ಹಾಗೇ ಇತ್ತು. ಬೇರೆ ಯಾರೂ ಮುಟ್ಟಲಿಲ್ಲ. ಅದನ್ನು ನೋಡಿದ ಮೇಲೆ ನನಗೆ ಅಳು ಬಂತು. ಇಮ್ರಿಖ್‌ನನ್ನು ಕಳಿಸಬೇಡಿ. ಬಾಗಿಲಿಗೆ ಅಡ್ಡ ಮಲಗಿ."

ಸೋಮವಾರ ಬೆಳಿಗ್ಗೆ ವೆರೋನಕ್ಕನಿಗೆ ಹೇಳಿದ: "ಯಾರೂ ಬರಲ್ಲ ಅಕ್ಕ. ಪೋಲಿಷಿನವನಿಗೇ ಕೊಡು."

ಪೋಲಿಷಿನವನು ಬಂದ. ದಿಂಬು ಮಗುಚುತ್ತಿರಲಿಲ್ಲ. ಇಟ್ಟಿಗೆಯನ್ನು ಮಂಚದ ಕೆಳಗೆ ಒದೆಯುತ್ತಿದ್ದ. ಏಪ್ರಿಲ್ ಹೊತ್ತಿಗೆ ಕಲ್ಲಿದ್ದಲ ಗಣಿಯಲ್ಲಿ ಕೆಲಸ ಸಿಕ್ಕಿತೆಂದು ಗಂಟು ಕಟ್ಟಿಕೊಂಡು ಹೊರಟುಹೋದ. ಗಾಶ್ಪರ್‌ಗೆ ಅವನ ಹೆಸರು ಕೂಡ ಸರಿಯಾಗಿ ತಿಳಿಯಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಗಾಶ್ಪರ್ ಹಿತ್ತಲ ಮೆಟ್ಟಿಲಲ್ಲಿ ಬೂಟಿಗೆ ಎಣ್ಣೆ ತಿಕ್ಕುತ್ತಿದ್ದಾಗ ವೆರೋನಕ್ಕ ಒಳಗಿನಿಂದ ಕೂಗಿದಳು. "ಗಾಶ್ಪರ್, ನಿನ್ನ ಕೇಳ್ಕೊಂಡು ಯಾರೋ ಬಂದವ್ರೆ ನೋಡೋ."

ಬಾಗಿಲಲ್ಲಿ ನಾಲ್ಕು ಜನ ಯುವಕರು ಹೆಗಲಿಗೆ ಗಂಟು ಹಾಕಿಕೊಂಡು ನಿಂತಿದ್ದರು. ನಾಲ್ವರ ಟೊಪ್ಪಿಗೆಯಲ್ಲೂ ಊರಿನ ಹಕ್ಕಿಯ ಗರಿ. ಮುಂದಿದ್ದವನು ತೆಳ್ಳಗೆ, ಎತ್ತರಕ್ಕೆ, ಕಿವಿ ಸ್ವಲ್ಪ ಅಗಲ. ಅವನು ಟೊಪ್ಪಿಗೆ ತೆಗೆದ.

"ಗಾಶ್ಪರಣ್ಣ ನೀವೇನಾ? ನಾನು ಇಮ್ರಿಖ್."

ಗಾಶ್ಪರ್ ಆ ಮುಖವನ್ನು ನೋಡುತ್ತಲೇ ನಿಂತ. ತೊಳೆದ ಮುಖ. ಹಾಗಾದರೆ ವೆಂಡೆಲ್‌ನದೂ ಹೀಗಿತ್ತು.

ಶಿಮ್ಕೊ ಮಿಕ್ಕ ಮೂವರನ್ನು ಮೇಜಿನ ಸುತ್ತ ಕೂರಿಸಿ ರೊಟ್ಟಿ ಕೊಟ್ಟ. ಗಾಶ್ಪರ್ ಇಮ್ರಿಖ್‌ನನ್ನು ಹಿತ್ತಲಿಗೆ ಕರೆದುಕೊಂಡು ಹೋದ.

"ಕಳಿಸಬೇಡಿ ಅಂತ ಬರ್ದಿದ್ದೆನಲ್ಲಪ್ಪ. ಕಾಗದ ತಲುಪಲಿಲ್ವಾ?"

"ತಲುಪ್ತು ಅಣ್ಣ. ಅದು ಬಂದ ಮೇಲೇನೇ ನಾವು ಹೊರಟಿದ್ದು."

"ಅಂದ್ರೆ?"

ಇಮ್ರಿಖ್ ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದ. "ಅತ್ತಿಗೆ ಓದಿದ್ರು. ಮನೆ ತುಂಬ ಜನ ಸೇರಿತ್ತು. ನೀಲಿ ದಾರದ ಮಾತು ಬಂದಾಗ ಅತ್ತಿಗೆಗೆ ಅಳು ತಡೀಲಿಲ್ಲ, ಎಲ್ರೂ ಅತ್ರು. ಆಮೇಲೆ ಪಕ್ಕದ ಮನೆ ತಾತ ಕೇಳಿದ್ರು, ಅವತ್ತು ಯಾವ ಹಬ್ಬ ಇತ್ತು ಅಂತ. ಅತ್ತಿಗೆ ಕಾಗದ ತಿರುಗಿಸಿ ನೋಡಿದ್ರು. ಬರೀ ಗುರುವಾರ ಅಂತಿತ್ತು."

ಗಾಶ್ಪರ್ ಮೆಟ್ಟಿಲ ಮೇಲಿದ್ದ ಎಣ್ಣೆಯ ಚಿಂದಿಯನ್ನು ಕೈಗೆತ್ತಿಕೊಂಡ.

"ಗುರುವಾರ," ಎಂದ ಇಮ್ರಿಖ್ ಮತ್ತೆ. "ಹಬ್ಬ ಇಲ್ಲ, ಮದುವೆ ಇಲ್ಲ, ಮಾಂಸ ಇದೆ. ಅದೂ ಒಬ್ಬೊಬ್ರಿಗೆ ಒಂದೊಂದು ತುಂಡು, ಬೇರೆಯವರು ಮುಟ್ಟೋ ಹಾಗಿಲ್ಲ. ನಮ್ಮನೇಲಿ ಈಸ್ಟರಿಗೆ ಒಂದು ತುಂಡನ್ನ ಮನೆ ಮಂದಿಗೆಲ್ಲ ಹರೀತಾರಣ್ಣ. ಕಳೆದ ವರ್ಷ ನನ್ನ ಪಾಲಿಗೆ ಬಂದಿದ್ದು ಮೂಳೆ."

"ನಾನು ಬರೆದಿದ್ದು ಅದಕ್ಕಲ್ಲ."

"ಗೊತ್ತು. ಅತ್ತಿಗೇನೂ ಹಾಗೇ ಅಂದ್ರು, ಗೆಳೆಯ ಹೋದ ದುಃಖದಲ್ಲಿ ಬರೆದಿದಾರೆ ಅಂತ. ಮುಖಾನೇ ನೋಡಿಲ್ಲ ಅಂತ ನೀವು ಬರೆದಿದ್ದನ್ನ ಅವರು ನಂಬಲಿಲ್ಲ. ಅಷ್ಟು ಹತ್ತಿರ ಇದ್ದೋರು ಹಾಗೇ ಹೇಳೋದು ಅಂದ್ರು. ತಾತ ಮಾತ್ರ ನಕ್ರು. ಅಲ್ಲಿಗೆ ಹೋಗಿ ಸೇರ್ಕೊಂಡೋರೆಲ್ಲ ಬರಬೇಡಿ ಅಂತಾನೇ ಬರೀತಾರೆ, ಹಂಡೆ ಹತ್ರ ಜನ ಜಾಸ್ತಿ ಆದ್ರೆ ಯಾರಿಗೆ ಇಷ್ಟ ಅಂದ್ರು." ತಾನು ಹೇಳಿದ್ದು ಹೆಚ್ಚಾಯಿತೇನೋ ಎಂದು ಅವನು ಗಾಶ್ಪರ್‌ನ ಮುಖ ನೋಡಿದ. "ಅತ್ತಿಗೆ ಬಾಗಿಲಿಗೆ ಅಡ್ಡ ಮಲಗಿದ್ರು. ನಿಜವಾಗ್ಲೂ ಮಲಗಿದ್ರಣ್ಣ. ನಾನು ಹಿತ್ತಲ ಕಿಟಕಿಯಿಂದ ಹಾರಿದೆ. ಹೊಲ ದಾಟೋಷ್ಟರಲ್ಲಿ ಓಡಿ ಬಂದು ಹಿಡ್ಕೊಂಡ್ರು. ಹೊಡೀತಾರೆ ಅಂದ್ಕೊಂಡೆ. ಇದನ್ನ ಕೊಟ್ರು."

ಗಂಟಿನಿಂದ ಒಂದು ಜೊತೆ ಉಣ್ಣೆಯ ಕಾಲುಚೀಲ ತೆಗೆದ. ಬೂದು ಬಣ್ಣದ್ದು, ಹಿಮ್ಮಡಿಗೆ ಎರಡೆಳೆ ಹಾಕಿ ಹೆಣೆದದ್ದು.

"ವೆಂಡೆಲಣ್ಣನಿಗೆ ಅಂತ ಹೆಣೆದಿದ್ದು. ನಿಮಗೆ ಕೊಡೋಕೆ ಹೇಳಿದ್ರು."

ಗಾಶ್ಪರ್ ಮೆಟ್ಟಿಲಲ್ಲಿ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿಯನ್ನು ಬೆರಳಲ್ಲಿ ಸವರಿದ. ತನ್ನ ಬೂಟುಗಳು ಎಣ್ಣೆ ಹೀರಿ ಬಿಸಿಲಲ್ಲಿ ಹೊಳೆಯುತ್ತಿದ್ದವು. ಮಾವನಿಗೆ ಉಳಿದಿದ್ದ ಒಂದು ಕಣ್ಣಾದರೂ ಕೊನೆಯವರೆಗೆ ಕಂಡಿತೋ ಇಲ್ಲವೋ, ಅವನು ಇದುವರೆಗೆ ವಿಚಾರಿಸಿರಲಿಲ್ಲ.

"ನಿಮ್ಮಣ್ಣಂಗೆ ಯಾವ ಬಣ್ಣದ ಕುದುರೆ ಬೇಕಿತ್ತು?" ಎಂದು ಕೇಳಿದ.

"ಕಂದು. ಹಣೆ ಮೇಲೆ ಬಿಳಿ ಇರಬೇಕು ಅಂತಿದ್ದ. ಹೆಸರೂ ಇಟ್ಟಿದ್ದ." ಇಮ್ರಿಖ್ ನಕ್ಕ. "ನಿಮಗೆ ಹೇಳಿರಲಿಲ್ವಾ? ನೀವು ಅದನ್ನ ತೆಗೆದು ರೇಗಿಸ್ತಿದ್ರಂತಲ್ಲ. ಸಾಯಂಕಾಲ ಹಾಡ್ತೀರಾ ಅಣ್ಣ? ನೀವು ಹಾಡೋದು ಕೇಳಬೇಕು ಅಂತ ಹಡಗಲ್ಲೆಲ್ಲ ಅನ್ಕೊಂಡು ಬಂದೆ."

"ಗಂಟಲು ಸರಿ ಇಲ್ಲ," ಎಂದ ಗಾಶ್ಪರ್.

ಶಿಮ್ಕೊ ಅವತ್ತೇ ಮೇಸ್ತ್ರಿಯನ್ನು ಕಂಡು ಬಂದ. ನಾಲ್ವರಿಗೂ ಕೆಲಸವಾಯಿತು, ಕಾರ್ಖಾನೆಗೆ ಆ ವಸಂತದಲ್ಲಿ ಎಷ್ಟು ಕೈ ಇದ್ದರೂ ಸಾಲುತ್ತಿರಲಿಲ್ಲ. ಮೂವರು ಬೇರೆ ಮನೆಗಳಿಗೆ ಹೋದರು. ಇಮ್ರಿಖ್‌ಗೆ ಕಿಟಕಿ ಪಕ್ಕದ ಹಾಸಿಗೆ, ಗಾಶ್ಪರ್‌ನದಕ್ಕೆ ಎದುರಿನ ಪಾಳಿ. ವೆರೋನಕ್ಕ ಡಬ್ಬಿಯಲ್ಲಿ ಹುಡುಕಿ ನೀಲಿ ದಾರದ ಉಂಡೆ ತೆಗೆದಳು, ಮತ್ತೆ ಏನೋ ಯೋಚಿಸಿ ಅದನ್ನು ಹಾಗೇ ಒಳಗೆ ಹಾಕಿ ಹಸಿರು ತೆಗೆದುಕೊಂಡಳು.

ರಾತ್ರಿ ಮಲಗುವ ಮೊದಲು ಗಾಶ್ಪರ್ ಹುಡುಗನಿಗೆ ಮೂರು ವಿಷಯ ಹೇಳಿಕೊಟ್ಟ. ಎದ್ದ ಮೇಲೆ ದಿಂಬು ಮಗುಚಬೇಕು. ಚಳಿ ಬಂದಾಗ ಇಟ್ಟಿಗೆ ಒಲೆಯ ಬಾಯಿಯ ಎಡಗಡೆ ಇಡಬೇಕು, ಬಲಗಡೆ ಇಟ್ಟರೆ ಸಿಡಿಯುತ್ತದೆ. ಗೇಟಿನಲ್ಲಿ ಕೈ ಎತ್ತಬೇಕು.

"ಕೈ ಯಾಕೆ?"

"ಮುಖ ಗೊತ್ತಾಗಲ್ಲ."

"ಅಷ್ಟೊತ್ತು ಬಿಟ್ರೆ ನಾವು ಯಾವಾಗ ಸಿಗೋದು?"

"ಹಾಸಿಗೆ ಬಿಸಿ ಇರುತ್ತಲ್ಲ," ಎಂದ ಗಾಶ್ಪರ್. ಇಮ್ರಿಖ್ ಅದು ತಮಾಷೆಯೆಂದು ನಕ್ಕು ಗೋಡೆಗೆ ತಿರುಗಿ ಮಲಗಿದ. ಎಡಮಗ್ಗುಲಿಗೆ.

ನಾಲ್ಕು ವಾರ ಕಳೆದು ಗಾಶ್ಪರ್‌ಗೆ ಮತ್ತೆ ಬಿಡುವಿನ ಭಾನುವಾರ ಬಂತು. ಇಮ್ರಿಖ್ ಬೆಳಿಗ್ಗೆ ಆರಕ್ಕೆ ಒಳಗೆ ಹೋಗಿದ್ದ. ಬರುವುದು ನಾಳೆ ಬೆಳಿಗ್ಗೆಗೇ. ಅವನ ಕೈ ಬೊಬ್ಬೆ ಒಡೆದು ಪೆನ್ನು ಹಿಡಿಯುವಂತಿಲ್ಲವೆಂದು, ಮನೆಗೆ ನೀವೇ ಬರೆಯಿರಿ ಎಂದು ವೆರೋನಕ್ಕನ ಕೈಲಿ ಹೇಳಿಕಳಿಸಿದ್ದ. ಈ ನಾಲ್ಕು ವಾರದಲ್ಲಿ ಗಾಶ್ಪರ್ ಅವನ ಮುಖವನ್ನು ಮಸಿಯಿಲ್ಲದೆ ನೋಡಿದ್ದು ಬಂದ ದಿನ ಮಾತ್ರ. ಗೇಟಿನಲ್ಲಿ ಕೈ ಏಳುತ್ತಿತ್ತು. ಮೊದಲ ವಾರ ಜೋರಾಗಿ ಏಳುತ್ತಿತ್ತು. ಈಗೀಗ ಭುಜದವರೆಗೆ ಬಂದು ಇಳಿಯುತ್ತಿತ್ತು. ಒಂದು ಬೆಳಿಗ್ಗೆ ದಿಂಬಿನ ಎರಡೂ ಮಗ್ಗುಲು ಒದ್ದೆಯಾಗಿತ್ತು, ಅದು ಬೆವರಲ್ಲ.

ಗಾಶ್ಪರ್ ಖಾಲಿ ಅಡಿಗೆಮನೆಯ ಮೇಜಿಗೆ ಕೂತು ಹಾಳೆಯನ್ನು ಅಂಗೈಯಿಂದ ಸಾಪಾಗಿ ಉಜ್ಜಿದ. ಅಲ್ಲಿ ಕಿಟಕಿಯ ಪಕ್ಕ ನಿಂತು ಇದನ್ನು ಓದುವವಳಿಗೆ ಆ ರಾತ್ರಿ ನಿದ್ದೆ ಬರಬೇಕು. ನಿಜ ಬರೆದು ನೋಡಿಯಾಗಿತ್ತು. ನಾಲ್ಕು ಜನ ಹಡಗು ಹತ್ತಿದ್ದರು.

"ಯೇಸುಕ್ರಿಸ್ತನಿಗೆ ಸ್ತೋತ್ರ. ಜೋಫಿಯಾ, ಇಮ್ರಿಖ್ ಸುಖವಾಗಿ ತಲುಪಿದ್ದಾನೆ. ಕಾಲುಚೀಲ ಸರಿಯಾಗಿ ಹಿಡಿಸಿತು. ಹುಡುಗನಿಗೆ ಕೆಲಸ ಕಷ್ಟವಿಲ್ಲ. ಭಾನುವಾರ ನಾವಿಬ್ಬರೂ ಪೂಜೆಗೆ ಹೋಗುತ್ತೇವೆ. ಬಂದ ಮೇಲೆ ಇಸ್ಪೀಟು ಆಡುತ್ತೇವೆ, ಅವನೇ ಗೆಲ್ಲುತ್ತಾನೆ."

ನಿಲ್ಲಿಸಿ, ಪೆನ್ನಿನ ತುದಿಯನ್ನು ಒರೆಸಿದ. ವೆಂಡೆಲ್ ಹೇಳಿದ್ದು ಸರಿ, ಇದಕ್ಕೆ ಹೊತ್ತು ಹಿಡಿಯುತ್ತದೆ.

"ಸಂಜೆ ನದಿಯ ಕಡೆ ಹೋಗುತ್ತೇವೆ. ಅವನು ಅಣ್ಣನ ಕಂದು ಕುದುರೆಯ ಕಥೆ ಹೇಳುತ್ತಾನೆ, ನಾನು ಹಾಡುತ್ತೇನೆ."

ಕಾಗದ ಒಣಗುವವರೆಗೆ ಕಾದು ಮಡಿಸಿದ. ಮೇಲೆ ಹೋಗಿ ನೋಡಿದರೆ ಹಾಸಿಗೆ ತಣ್ಣಗೆ, ಅಚ್ಚುಕಟ್ಟಾಗಿ ಬಿದ್ದಿತ್ತು. ಮತ್ತೆ ಕೆಳಗಿಳಿದು ಬಂದ. ಜೂನ್ ತಿಂಗಳು, ಇಟ್ಟಿಗೆ ಬೇಕಾಗುವ ಕಾಲವಲ್ಲ. ಆದರೂ ಇಪ್ಪತ್ತನಾಲ್ಕು ಗಂಟೆ ನಿಂತು ಬರುವ ಕಾಲಿಗೆ ಹಿತವಾಗಬಹುದು ಎನ್ನಿಸಿತು. ನಾಳೆ ಬೆಳಿಗ್ಗೆಗೆ ಕಾಯಿಸಲು ಕೈಗೆ ಸಿಗುವಂತೆ ಅದನ್ನು ಒಲೆಯ ಎಡಗಡೆಗೆ ತಳ್ಳಿಟ್ಟ.